ಬಿಸಿಲಿನಲ್ಲಿ ನಿಂತ ಉಮೇದುವಾರ

ಚುನಾವಣೆಯ ಫಲಿತಾಂಶವನ್ನು ಓದುವುದರಲ್ಲಿ ನಾವು ಪಳಗಿದವರು. ಯಾವ ಜಾತಿಯ ಮತ ಎತ್ತ ವಾಲಿತು, ಯಾವ ನಾಯಕನ ಭಾಷಣ ಎಲ್ಲಿ ಫಲಿಸಿತು ಎಂಬುದನ್ನು ಚಹಾದಂಗಡಿಯ ಬೆಂಚಿನಿಂದ ಹಿಡಿದು ವಿಶ್ವವಿದ್ಯಾಲಯದ ವಿಚಾರ ಸಂಕಿರಣದವರೆಗೆ ಎಲ್ಲೆಡೆ ಬಿಡಿಸಿ ಹೇಳುವವರಿದ್ದಾರೆ. ಆದರೆ ಪ್ರಚಾರವನ್ನೇ ಒಂದು ಕೃತಿಯಂತೆ ಎದುರಿಗಿಟ್ಟುಕೊಂಡು ಓದಿದವರು ಕಡಿಮೆ. ಪಕ್ಷವಿಲ್ಲದ, ದುಡ್ಡಿಲ್ಲದ ಅಭ್ಯರ್ಥಿಯ ಪ್ರಚಾರವನ್ನಂತೂ ಯಾರೂ ಓದುವುದಿಲ್ಲ. ಮತ ಎಣಿಕೆಯ ಮರುದಿನ ಪತ್ರಿಕೆಯ ಒಳಪುಟದಲ್ಲಿ ಅವನ ಹೆಸರು ಒಂದು ಸಲ ಕಾಣಿಸಿಕೊಳ್ಳುತ್ತದೆ, ಅದೂ ಠೇವಣಿ ಕಳೆದುಕೊಂಡವರ ಸಾಲಿನಲ್ಲಿ. ಅಲ್ಲಿಗೆ ಅವನ ಕಥೆ ಮುಗಿಯಿತು.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಈ ಮೂರು ಊರುಗಳ ನಡುವೆ ಬೇಸಿಗೆಯಲ್ಲಿ ನಡೆಯುವ ಇಂಥ ಬಡ ಪ್ರಚಾರಗಳನ್ನು ನಾವು ಹಲವು ಚುನಾವಣೆಗಳಿಂದ ನೋಡುತ್ತ ಬಂದಿದ್ದೇವೆ. ಅವುಗಳ ಕರಪತ್ರಗಳನ್ನು ಎತ್ತಿಟ್ಟುಕೊಂಡಿದ್ದೇವೆ. ಕಥೆ ಬರೆಯುವವರಿಗೆ ಇರುವ ಚಟ ಅದು. ಆ ಕರಪತ್ರಗಳನ್ನು ಮತ್ತೆ ಮತ್ತೆ ಓದಿದಾಗ ನಮಗೆ ಅನಿಸಿದ್ದನ್ನು ಇಲ್ಲಿ ಹೇಳಬೇಕಾಗಿದೆ. ಬಡ ಪಕ್ಷೇತರನ ಪ್ರಚಾರ ಸೋಲುವುದು ಹಣವಿಲ್ಲದ್ದಕ್ಕೆ ಎಂಬುದು ಅರ್ಧ ಸತ್ಯ. ದೊಡ್ಡ ಪಕ್ಷಗಳ ಬಳಿ ಇಲ್ಲದ ಒಂದು ಸಂಪತ್ತು ಅವನ ಬಳಿ ಇರುತ್ತದೆ, ಅವನು ಜನರ ಮಾತನ್ನು ಕೇಳಿಸಿಕೊಂಡಿರುತ್ತಾನೆ. ಆದರೆ ಕೇಳಿಸಿಕೊಂಡದ್ದನ್ನು ಅವನು ಅಚ್ಚಿಗೆ ತರುವುದಿಲ್ಲ. ಅವನ ಕಾಗದದ ಮೇಲೆ ಮಾತನಾಡುವುದು ಅವನು ಯಾರ ವಿರುದ್ಧ ನಿಂತಿದ್ದಾನೋ ಅವರದೇ ಭಾಷೆ.

ಹೆಸರಿನಲ್ಲಿರುವ ವ್ಯತ್ಯಾಸ

ಮೊದಲು ಹೆಸರನ್ನೇ ನೋಡೋಣ. ಕನ್ನಡದಲ್ಲಿ ಅವನು 'ಪಕ್ಷೇತರ'. ಪಕ್ಷಕ್ಕೆ ಇತರನಾದವನು. ಅಂದರೆ ಅವನು ಏನಲ್ಲ ಎಂಬುದನ್ನು ಈ ಪದ ಹೇಳುತ್ತದೆ, ಏನು ಎಂಬುದನ್ನು ಹೇಳುವುದಿಲ್ಲ. 'ಅಭ್ಯರ್ಥಿ' ಎಂದರೆ ಬೇಡುವವನು. ಉರ್ದುವಿನಲ್ಲಿ ಅವನಿಗೆ 'ಆಜಾದ್ ಉಮ್ಮೀದ್‌ವಾರ್' ಎನ್ನುತ್ತಾರೆ. ಸ್ವತಂತ್ರನಾದ, ಆಸೆ ಹೊತ್ತವನು ಎಂದು ಅದರ ಅರ್ಥ. ಅದೇ ಪಾರಸಿ ಮೂಲದ ಪದ 'ಉಮೇದುವಾರ'ನಾಗಿ ನಮ್ಮ ಕನ್ನಡಕ್ಕೂ ಬಂದು ನೆಲೆಸಿದೆ. ವಿಜಯಪುರದ ಕಡೆ 'ಉಮೇದು' ಎಂದರೆ ಹುರುಪು, ಉತ್ಸಾಹ. 'ಅವನಿಗೆ ಈ ಸಲ ಭಾಳ ಉಮೇದ ಅದ' ಎಂದು ಹೊಲದಲ್ಲಿ ದುಡಿಯುವವರೂ ಹೇಳುತ್ತಾರೆ.

ಒಂದೇ ಮನುಷ್ಯನನ್ನು ಒಂದು ಪದ ಇಲ್ಲದವನೆಂದು ಕಾಣುತ್ತದೆ, ಇನ್ನೊಂದು ಇರುವವನೆಂದು ಕಾಣುತ್ತದೆ. ಈ ಲೇಖನದಲ್ಲಿ ನಮಗೆ ಎರಡನೆಯ ಪದವೇ ಹೆಚ್ಚು ಸರಿಯೆನಿಸುತ್ತದೆ. ಆದರೆ ಉಮೇದು ಮಾತ್ರ ಇದ್ದರೆ ಸಾಲದು ಎಂಬುದನ್ನೂ ಹೇಳಬೇಕಾಗುತ್ತದೆ.

ಪಕ್ಷೇತರರೆಲ್ಲ ಒಂದೇ ಬಗೆಯವರಲ್ಲ. 2019ರಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶ್ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. ಅವರ ಬೆನ್ನಿಗೆ ಬಿಜೆಪಿಯ ಬೆಂಬಲವೂ ಚಿತ್ರರಂಗದ ಬಳಗವೂ ಇದ್ದವು. ಟಿಕೆಟ್ ಸಿಗದೆ ಮುನಿದು ನಿಂತ ಬಂಡಾಯಗಾರರು ಇನ್ನೊಂದು ಬಗೆ. ಗೆಲ್ಲುವ ಅಭ್ಯರ್ಥಿಯ ಹೆಸರನ್ನೇ ಹೋಲುವ ಹೆಸರಿನವನನ್ನು ಹುಡುಕಿ ತಂದು ನಿಲ್ಲಿಸುವ 'ಡಮ್ಮಿ'ಗಳು ಮತ್ತೊಂದು ಬಗೆ. ಇವರನ್ನೆಲ್ಲ ಬಿಟ್ಟ ಮೇಲೆ ಉಳಿಯುವವನು ನಮ್ಮ ವಿಷಯ. ಅವನು ಸಣ್ಣ ವ್ಯಾಪಾರಿಯೋ, ನಿವೃತ್ತ ಮಾಸ್ತರನೋ, ದರ್ಜಿಯೋ, ರೈತ ಸಂಘಟನೆಯಲ್ಲಿ ಓಡಾಡಿದವನೋ ಆಗಿರುತ್ತಾನೆ. ಯಾರೂ ಅವನನ್ನು ನಿಲ್ಲಿಸಿಲ್ಲ, ಅವನೇ ನಿಂತಿದ್ದಾನೆ.

ಈ ನೆಲಕ್ಕೆ ಅಂಥವರು ಹೊಸಬರೂ ಅಲ್ಲ. ರಾಜ್ಯ ಒಂದಾದ ಮೇಲಿನ ಮೊದಲ ಚುನಾವಣೆಯಲ್ಲಿ, 1957ರಲ್ಲಿ, ಬಿಜಾಪುರ ಉತ್ತರ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಕಾಂಗ್ರೆಸ್ಸಿನವರಲ್ಲ, ಪಕ್ಷೇತರರಾಗಿ ನಿಂತಿದ್ದ ಮುರಿಗೆಪ್ಪ ಸಿದ್ದಪ್ಪ ಸುಗಂಧಿಯವರು. ನೆಹರೂ ಅವರ ಹೆಸರೇ ಸಾಕು ಎನ್ನುವಂತಿದ್ದ ಕಾಲವದು. ಜಿಲ್ಲೆಯ ಹೊಸ ತಲೆಮಾರಿಗೆ ಈ ಸಂಗತಿಯೇ ಮರೆತುಹೋಗಿದೆ.

ಕಾನೂನಿನ ಲೆಕ್ಕ, ಬಡವನ ಲೆಕ್ಕ

ಕಾನೂನಿನ ಕಣ್ಣಿಗೆ ಎಲ್ಲ ಅಭ್ಯರ್ಥಿಗಳೂ ಸಮಾನರು ಎನ್ನುತ್ತೇವೆ. ನಾಮಪತ್ರದಿಂದಲೇ ಅಸಮಾನತೆ ಶುರುವಾಗುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು. ಪಕ್ಷೇತರನಿಗೆ 10 ಜನ ಬೇಕು. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ–ಪಂಗಡದವರಿಗೆ 5,000. ಚಲಾಯಿತವಾದ ಸಿಂಧು ಮತಗಳಲ್ಲಿ ಆರರಲ್ಲೊಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಅದು ಹೋಯಿತು. 1951ರ ಕಾಯ್ದೆ ಬಂದಾಗ ವಿಧಾನಸಭೆಯ ಠೇವಣಿ 250 ರೂಪಾಯಿ ಇತ್ತು. ಆಗಿನ 250 ಸಣ್ಣ ಮೊತ್ತವೇನಲ್ಲ. ಆದರೂ ಬೇಕಾಬಿಟ್ಟಿ ಸ್ಪರ್ಧಿಸುವವರನ್ನು ತಡೆಯುವ ಜರಡಿ ಇದು ಎಂಬ ಸಮರ್ಥನೆ ಅಂದಿನಿಂದ ಇಂದಿನವರೆಗೂ ನಡೆದಿದೆ. ಆದರೆ ಈ ಜರಡಿ ಬೇಕಾಬಿಟ್ಟಿಯವರನ್ನು ತಡೆದೀತೇ? ಡಮ್ಮಿ ಅಭ್ಯರ್ಥಿಯ ಠೇವಣಿಯನ್ನು ಕಟ್ಟುವವರು ಬೇರೆಯೇ ಇರುತ್ತಾರೆ. ಹಾಗಾಗಿ ಅದು ತಡೆಯುವುದು ಸ್ವಂತ ಕಿಸೆಯಿಂದ ಕಟ್ಟುವವನನ್ನು ಮಾತ್ರ.

ವಿಧಾನಸಭೆಯ ಅಭ್ಯರ್ಥಿ ಮಾಡಬಹುದಾದ ವೆಚ್ಚದ ಮಿತಿ 2013ರಲ್ಲಿ 16 ಲಕ್ಷವಿತ್ತು, 2018ರಲ್ಲಿ 28 ಲಕ್ಷವಿತ್ತು, 2022ರಲ್ಲಿ 40 ಲಕ್ಷಕ್ಕೇರಿತು. ಇದು ಅಭ್ಯರ್ಥಿಗೆ ಹಾಕಿದ ಮಿತಿ, ಪಕ್ಷಕ್ಕಲ್ಲ. ಪಕ್ಷ ಎಷ್ಟು ಖರ್ಚು ಮಾಡಬೇಕೆಂಬುದಕ್ಕೆ ಕಾನೂನಿನಲ್ಲಿ ಮಿತಿಯೇ ಇಲ್ಲ. ಮಾನ್ಯತೆ ಪಡೆದ ಪಕ್ಷಗಳು 40 ತಾರಾ ಪ್ರಚಾರಕರ ಪಟ್ಟಿ ಕೊಡಬಹುದು. ಅವರ ಹೆಲಿಕಾಪ್ಟರು, ಕಾರುಗಳ ಪ್ರಯಾಣ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷೇತರನಿಗೆ ತಾರಾ ಪ್ರಚಾರಕರಿಲ್ಲ. ಅವನು ತನ್ನ ಗೆಳೆಯನ ಬೈಕಿಗೆ ಹಾಕಿಸಿದ ಪೆಟ್ರೋಲನ್ನೂ ಬರೆದಿಡಬೇಕು. ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ದಿನದ ಖರ್ಚಿನ ವಹಿ ಇಡಬೇಕು, ಪ್ರಚಾರದ ಅವಧಿಯಲ್ಲಿ ಅದನ್ನು ವೀಕ್ಷಕರಿಗೆ ತೋರಿಸಬೇಕು, ಫಲಿತಾಂಶ ಬಂದ 30 ದಿನಗಳೊಳಗೆ ಪೂರ್ತಿ ಲೆಕ್ಕ ಸಲ್ಲಿಸಬೇಕು. ತಪ್ಪಿದರೆ 3 ವರ್ಷ ಅನರ್ಹ. ಕುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಒಂದು ಕಪ್ ಚಹಾಕ್ಕೆ ಇಷ್ಟು ಎಂದು ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ಇರುತ್ತದೆ. ದೊಡ್ಡವರಿಗೆ ಈ ವಹಿ ಬರೆಯಲು ಲೆಕ್ಕಪರಿಶೋಧಕರಿರುತ್ತಾರೆ. ಬಡವನಿಗೆ ಕಾಲೇಜಿಗೆ ಹೋಗುವ ಮಗಳೋ ಅಳಿಯನೋ ಇದ್ದರೆ ಪುಣ್ಯ.

ಇನ್ನು ಕಾಲದ ಲೆಕ್ಕ. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20, ಪರಿಶೀಲನೆ 21, ಹಿಂತೆಗೆತಕ್ಕೆ ಕೊನೆಯ ದಿನ 24, ಮತದಾನ ಮೇ 10. ಆ ದಿನಗಳು ನಮ್ಮ ಜಿಲ್ಲೆಯಲ್ಲಿ ಹೇಗೆ ಬಂದವೆಂದು ನೆನೆಯಬೇಕು. ನಾಮಪತ್ರದ ಕೊನೆಯ ದಿನ ರಮಝಾನಿನ ಕಡೆಯ ರೋಜಾಗಳ ನಡುವೆ ಬಿತ್ತು. 22ಕ್ಕೆ ಈದುಲ್ ಫಿತ್ರ್, 23ಕ್ಕೆ ಬಸವ ಜಯಂತಿ. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ಎರಡು ಹಬ್ಬಗಳನ್ನು ಬೆನ್ನುಬೆನ್ನಿಗೆ ಮುಗಿಸಿ, ಮೂರನೆಯ ದಿನ ಹಿಂದೆ ಸರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸಬೇಕಿತ್ತು.

ಪಕ್ಷೇತರನಿಗೆ ಚಿಹ್ನೆ ಸಿಗುವುದು ಹಿಂತೆಗೆತದ ಗಡುವು ಮುಗಿದ ಮೇಲೆ. ಅಂದರೆ 24ರ ಸಂಜೆ. ಬಹಿರಂಗ ಪ್ರಚಾರ ಮುಗಿದದ್ದು ಮೇ 8ರ ಸಂಜೆ. ಹಸ್ತ, ಕಮಲಗಳನ್ನು ಕಲಿಸಲು ಪಕ್ಷಗಳಿಗೆ ದಶಕಗಳು ಸಿಕ್ಕಿವೆ. ಹೊಲಿಗೆ ಯಂತ್ರವನ್ನೋ ಪ್ರೆಷರ್ ಕುಕ್ಕರನ್ನೋ ಗ್ಯಾಸ್ ಸಿಲಿಂಡರನ್ನೋ ಇಡೀ ಕ್ಷೇತ್ರಕ್ಕೆ ಕಲಿಸಲು ಇವನಿಗೆ ಸಿಗುವುದು ಸರಿಯಾಗಿ ಎರಡು ವಾರ. ಮತಯಂತ್ರದ ಮೇಲೂ ಮಾನ್ಯತೆ ಪಡೆದ ಪಕ್ಷಗಳವರ ಹೆಸರುಗಳಾದ ಮೇಲೆ, ಉಳಿದ ನೋಂದಾಯಿತ ಪಕ್ಷಗಳವರ ಹೆಸರುಗಳಾದ ಮೇಲೆ ಅವನ ಸರದಿ. ಅವನ ಕೆಳಗೆ ಇನ್ನೂ ಕೆಲವು ಪಕ್ಷೇತರರು, ಎಲ್ಲರ ಕೆಳಗೆ 2013ರಿಂದ ಬಂದಿರುವ ನೋಟಾ.

ಬಿಸಿಲು ಮಾಡುವ ಕೆಲಸ

2013ರಲ್ಲಿ ಮೇ 5, 2018ರಲ್ಲಿ ಮೇ 12, 2023ರಲ್ಲಿ ಮೇ 10. ವಿಧಾನಸಭಾ ಚುನಾವಣೆ ನಮ್ಮಲ್ಲಿ ಈಗ ಬೇಸಿಗೆಯ ಬೆಳೆಯಾಗಿದೆ. ಪಾರಾ 40 ಡಿಗ್ರಿ ದಾಟುವ ದಿನಗಳವು. ನಗರದಿಂದ ಇಬ್ರಾಹಿಂ ರೋಜಾದ ಬದಿಯಿಂದ ಅಥಣಿ ರಸ್ತೆ ಹಿಡಿದು ತೊರವಿ ದಾಟಿದರೆ ತಿಕೋಟಾ. ಮುಂದೆ ಹೊನವಾಡ, ಕನಮಡಿ, ಬಿಜ್ಜರಗಿ, ಬಾಬಾನಗರ. ಜಮಖಂಡಿ ರಸ್ತೆಯಲ್ಲಿ ಇಳಿದರೆ ಬಬಲೇಶ್ವರ. ಆ ಸೀಮೆಯಲ್ಲಿ ಸಾರವಾಡ, ಮಮದಾಪುರ, ನಿಡೋಣಿ, ಕಾಖಂಡಕಿ. 2004ರ ಚುನಾವಣೆಯವರೆಗೆ ತಿಕೋಟಾ ಹೆಸರಿನಲ್ಲೇ ವಿಧಾನಸಭಾ ಕ್ಷೇತ್ರವಿತ್ತು. 2008ರಿಂದ ಅದು ಬಬಲೇಶ್ವರವಾಯಿತು. ಈಗ ಎರಡೂ ಊರು ತಾಲೂಕು ಕೇಂದ್ರಗಳು. ಈ ಹಳ್ಳಿಗಳನ್ನೆಲ್ಲ ಒಂದು ಆಟೊ, ಎರಡು ಬೈಕು, ಒಂದು ಮೈಕಿನಲ್ಲಿ ಸುತ್ತುವುದೆಂದರೆ ಏನೆಂಬುದು ಆ ರಸ್ತೆಗಳನ್ನು ಬಲ್ಲವರಿಗೆ ಗೊತ್ತು.

ಬಿಸಿಲು ಪ್ರಚಾರದ ವ್ಯಾಕರಣವನ್ನೇ ಬದಲಿಸುತ್ತದೆ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಐದರಿಂದ ಹತ್ತು. ಇದೇ ಪ್ರಚಾರದ ಹೊತ್ತು. ರಾತ್ರಿ ಹತ್ತರ ಮೇಲೆ ಮೈಕು ಹಚ್ಚುವಂತಿಲ್ಲ. ದೊಡ್ಡ ಅಭ್ಯರ್ಥಿ ಮಧ್ಯಾಹ್ನ ತಂಪು ಕಾರಿನಲ್ಲಿ ನಗರಕ್ಕೆ ಮರಳುತ್ತಾನೆ. ಊಟ, ವಿಶ್ರಾಂತಿ, ಮುಖಂಡರ ಜೊತೆ ಗುಪ್ತ ಮಾತುಕತೆ ಎಲ್ಲ ಅಲ್ಲೇ. ಬಡ ಉಮೇದುವಾರನಿಗೆ ಮರಳಿ ಹೋಗಿ ಬರುವ ಎಣ್ಣೆಯ ಖರ್ಚು ಹೆಚ್ಚಾಗುತ್ತದೆ. ಆದ್ದರಿಂದ ಅವನು ಹಳ್ಳಿಯಲ್ಲೇ ಉಳಿಯುತ್ತಾನೆ. ಬೇವಿನ ಗಿಡದ ಕೆಳಗೆ, ಗುಡಿಯ ಕಟ್ಟೆಯ ಮೇಲೆ, ಮಸೀದಿಯ ಹೊರಗಿನ ಚಪ್ಪರದಲ್ಲಿ ಕೂರುತ್ತಾನೆ. ಯಾರೋ ಮಜ್ಜಿಗೆ ತಂದುಕೊಡುತ್ತಾರೆ. ಅದೂ ದರಪಟ್ಟಿಯಲ್ಲಿ ಬರುತ್ತದೋ ಇಲ್ಲವೋ ಎಂದು ವಹಿ ಬರೆಯುವವನು ತಮಾಷೆ ಮಾಡುತ್ತಾನೆ.

ಆ ಹೊತ್ತಿನಲ್ಲಿ ನಡೆಯುವ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಅದು ಬಹುತೇಕ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ.

'ತಮ್ಮಾ, ನಿನ್ನ ಹಿಂದ ಯಾರ ಅದಾರ?'

'ಯಾರೂ ಇಲ್ಲ ಕಾಕಾ.'

'ಮತ್ತ ರೊಕ್ಕಾ?'

'ಅದೂ ಇಲ್ಲ.'

'ಹಂಗಾರ ಕೂಡು. ಬಿಸಲಾಗ ಎಲ್ಲಿ ಹೋಗ್ತಿ.'

ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮಾತು ಬಿಚ್ಚಿಕೊಳ್ಳುತ್ತದೆ. ದೊಡ್ಡವರ ಮುಂದೆ ಹಳ್ಳಿಯವರು ಬೇಡಿಕೆ ಸಲ್ಲಿಸುತ್ತಾರೆ: ಸಮುದಾಯ ಭವನ ಬೇಕು, ರಸ್ತೆ ಬೇಕು. ಇವನ ಮುಂದೆ ಅವರು ಬೇಡಿಕೆ ಇಡುವುದಿಲ್ಲ, ಇವನಿಂದ ಆಗುವುದೇನೂ ಇಲ್ಲವೆಂದು ಅವರಿಗೆ ಗೊತ್ತು. ಆದ್ದರಿಂದ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ. ದ್ರಾಕ್ಷಿ ತೋಟದ ಕೂಲಿಯಲ್ಲಿ ಗಂಡಾಳಿಗೂ ಹೆಣ್ಣಾಳಿಗೂ ಇರುವ ವ್ಯತ್ಯಾಸ, ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದ ಜಗಳ, ಒಣದ್ರಾಕ್ಷಿಯ ದರ ಬಿದ್ದಾಗ ಆದ ಸಾಲ, ಕಬ್ಬು ಕಡಿಯಲು ಗುಳೆ ಹೋದವರ ಮಕ್ಕಳ ಶಾಲೆ. ಅಲ್ಲಿ ಒಂದು ತಾಸು ಕುಳಿತರೆ ಕ್ಷೇತ್ರದ ಬದುಕು ಎದುರಿಗೆ ಬಿಚ್ಚಿಕೊಳ್ಳುತ್ತದೆ. ಬಡ ಪ್ರಚಾರ ಮೆರವಣಿಗೆಯಾಗಲಾರದು, ಹಾಗಾಗಿ ಅದು ಸಂವಾದವಾಗುತ್ತದೆ.

ಇದನ್ನು ಹೇಳುವಾಗ ಸುಮ್ಮನೆ ವೈಭವೀಕರಿಸುವುದು ಬೇಡ. ಬೇವಿನ ಗಿಡದ ಕೆಳಗೆ ಕುಳಿತವರು ಬಹುತೇಕ ಗಂಡಸರೇ. ಹೆಣ್ಣುಮಕ್ಕಳು ತೋಟದಲ್ಲಿರುತ್ತಾರೆ, ಇಲ್ಲವೇ ಕೊಡ ಹಿಡಿದು ನಳದ ಮುಂದೆ ನಿಂತಿರುತ್ತಾರೆ. ಅವರ ಮಾತು ಈ ಸಂವಾದಕ್ಕೂ ಬರುವುದಿಲ್ಲ. ಪ್ರಚಾರದ ಹದಿನೈದು ದಿನ ಅಂಗಡಿ ಮುಚ್ಚಿದ ಉಮೇದುವಾರನ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂಬುದು ಯಾವ ವಹಿಯಲ್ಲೂ ಇಲ್ಲ. ಚುನಾವಣಾ ವೆಚ್ಚದ ನಮೂನೆಯಲ್ಲಿ ಹೆಂಡತಿಯ ಬಂಗಾರಕ್ಕೆ ಕಾಲಮ್ಮಿಲ್ಲ.

ಕರಪತ್ರದ ಓದು

ಈಗ ಕರಪತ್ರಕ್ಕೆ ಬರೋಣ. ನಮ್ಮ ಬಳಿ ಇರುವ ಕಟ್ಟಿನಲ್ಲಿ ಹತ್ತಾರು ಕರಪತ್ರಗಳಿವೆ. ಹೆಸರು ಬದಲಿಸಿದರೆ ಒಂದನ್ನು ಇನ್ನೊಂದರಿಂದ ಬಿಡಿಸುವುದು ಕಷ್ಟ. ಮೇಲೆ ದೇವರ ಹೆಸರು, ಎರಡೂ ಬದಿಗೆ ಮಹನೀಯರ ಚಿತ್ರಗಳು, ನಡುವೆ ಕೈಮುಗಿದ ಉಮೇದುವಾರ. 'ಬಡವರ ಬಂಧು', 'ದೀನ ದಲಿತರ ಆಶಾಕಿರಣ', 'ಭ್ರಷ್ಟಾಚಾರ ಮುಕ್ತ ಕ್ಷೇತ್ರ'. ಆಮೇಲೆ ಹತ್ತು ಹನ್ನೆರಡು ಭರವಸೆಗಳು: ನೀರು ತರುತ್ತೇವೆ, ಕಾರ್ಖಾನೆ ತರುತ್ತೇವೆ, ಯುವಕರಿಗೆ ಉದ್ಯೋಗ ಕೊಡುತ್ತೇವೆ. ತಳದಲ್ಲಿ ಕಾನೂನು ಕೇಳುವ ಮುದ್ರಕರ, ಪ್ರಕಾಶಕರ ಹೆಸರು.

ಈ ಭಾಷೆ ಎಲ್ಲಿಂದ ಬಂತು? ಅದರ ಕಾರಣ ಸರಳ. ಚಿಹ್ನೆ ಸಿಗುವುದು ಸಂಜೆಗೆ, ಮರುದಿನ ಬೆಳಿಗ್ಗೆ ಹಂಚಬೇಕು. ನಗರದ ಡಿಟಿಪಿ ಅಂಗಡಿಯಲ್ಲಿ ಹಳೆಯ ಚುನಾವಣೆಯ ಮಾದರಿಗಳು ಕಂಪ್ಯೂಟರಿನಲ್ಲಿ ತಯಾರಿರುತ್ತವೆ. ಹೆಸರು, ಚಿತ್ರ, ಚಿಹ್ನೆ ಬದಲಿಸಿ ರಾತ್ರೋರಾತ್ರಿ ಅಚ್ಚು ಹಾಕುತ್ತಾರೆ. ಹಳ್ಳಿಗೆ ಹೋಗುವ ಮೊದಲೇ ಕರಪತ್ರ ಸಿದ್ಧವಾಗಿಬಿಡುತ್ತದೆ. ಬೇವಿನ ಗಿಡದ ಕೆಳಗೆ ಕೇಳಿದ ಮಾತು ಆ ಕಾಗದಕ್ಕೆ ಸೇರಲು ಅವಕಾಶವೇ ಇಲ್ಲ. ಎರಡನೆಯ ವಾರ ಇನ್ನೊಂದು ಕರಪತ್ರ ಅಚ್ಚು ಹಾಕಿಸಲು ದುಡ್ಡಿಲ್ಲ ಎನ್ನುತ್ತಾರೆ. ಆದರೆ ಅದೇ ದುಡ್ಡಿನಲ್ಲಿ ಕೊನೆಯ ದಿನ ಡೊಳ್ಳು, ಪಟಾಕಿ, ಶಾಲುಗಳು ಬರುತ್ತವೆ.

ಬಬಲೇಶ್ವರದಂಥ ಕ್ಷೇತ್ರದಲ್ಲಿ ಇದು ಎಷ್ಟು ದುಬಾರಿಯಾಗುತ್ತದೆಂದು ನೋಡಿ. 2008ರಿಂದ 2023ರವರೆಗಿನ ನಾಲ್ಕೂ ಚುನಾವಣೆಗಳಲ್ಲಿ ಇಲ್ಲಿ ಗೆದ್ದವರು ಕಾಂಗ್ರೆಸ್ಸಿನ ಎಂ.ಬಿ. ಪಾಟೀಲರು. 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದವರು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳು, ಕೆರೆ ತುಂಬಿಸುವ ಯೋಜನೆಗಳು ಈ ಭಾಗದ ಜನರ ಕಣ್ಣೆದುರಿಗಿವೆ. ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಯಲ್ಲಿ ನೀರು ನಿಂತದ್ದನ್ನು ನೋಡಿದ ಮತದಾರನಿಗೆ 'ನೀರು ತರುತ್ತೇವೆ' ಎಂದು ಕರಪತ್ರ ಕೊಟ್ಟರೆ ಅವನು ನಗುತ್ತಾನೆ. ನಗಬೇಕಾದದ್ದೇ. ಅವನೇ ಮಧ್ಯಾಹ್ನ ಹೇಳಿದ್ದು ಬೇರೆ ಮಾತು: ಬಂದ ನೀರು ಯಾರ ಹೊಲಕ್ಕೆ ಮೊದಲು ಹೋಗುತ್ತದೆ, ಯಾರ ಹೊಲಕ್ಕೆ ಕೊನೆಗೆ? ನೀರು ಬಂದ ಮೇಲೆ ಭೂಮಿಯಿಲ್ಲದವನ ಕೂಲಿ ಎಷ್ಟು ಏರಿತು? ಈ ಪ್ರಶ್ನೆಯನ್ನು ದೊಡ್ಡ ಪಕ್ಷಗಳ ಯಾವ ಕರಪತ್ರವೂ ಕೇಳಲಾರದು, ಏಕೆಂದರೆ ಮೊದಲ ಹೊಲದವನೇ ಅವರ ಊರ ಮುಖಂಡ. ಕೇಳಬಲ್ಲವನು ಹಿಂದೆ ಯಾರೂ ಇಲ್ಲದವನು ಮಾತ್ರ. ಅವನು ಕೇಳುವುದಿಲ್ಲ. ಬಡ ಪ್ರಚಾರದ ಮೇಲೆ ನಮ್ಮ ದೊಡ್ಡ ಆಕ್ಷೇಪ ಇದು.

ದುಡ್ಡಿಲ್ಲದಿರುವುದನ್ನೇ ಮಾತನ್ನಾಗಿಸಿದ ಉದಾಹರಣೆಗಳು ನಮ್ಮ ನಾಡಿನಲ್ಲಿವೆ. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ನಿಂತ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದವರು, ಪಕ್ಷೇತರರಲ್ಲ. ಆದರೆ ಅವರ ಪ್ರಚಾರ ಬಡವನದೇ. ಮತದ ಜೊತೆಗೆ ಒಂದು ನೋಟನ್ನೂ ಕೇಳಿದ ಅವರ ಪ್ರಚಾರ ಇಂದಿಗೂ ಜನರ ನೆನಪಿನಲ್ಲಿದೆ. ಕಾಗೋಡು ಸತ್ಯಾಗ್ರಹ ನಡೆದು ಒಂದು ವರ್ಷವಾಗಿತ್ತಷ್ಟೆ. ಗೇಣಿದಾರ ಹೇಳಿದ ಮಾತು ಆ ಪ್ರಚಾರದ ಮಾತಾಗಿತ್ತು, ಅವರು ಗೆದ್ದರು. 2023ರಲ್ಲಿ ಯಾದಗಿರಿಯಲ್ಲಿ ಯಂಕಪ್ಪ ಎಂಬ ಪಕ್ಷೇತರರು 10,000 ರೂಪಾಯಿ ಠೇವಣಿಯನ್ನು ಒಂದೊಂದು ರೂಪಾಯಿಯ ನಾಣ್ಯಗಳಲ್ಲಿ ಕಟ್ಟಿದರು. ಮತದಾರರಿಂದಲೇ ಕೂಡಿಸಿದ ನಾಣ್ಯಗಳವು. ದೇಶದ ಪತ್ರಿಕೆಗಳು ಅದನ್ನೊಂದು ವಿಚಿತ್ರ ಸುದ್ದಿಯಾಗಿ ಅಚ್ಚು ಹಾಕಿ ಮರೆತವು. ನಮಗೆ ಅದು ವಿಚಿತ್ರವಾಗಿ ಕಾಣುವುದಿಲ್ಲ. ಒಂದು ರೂಪಾಯಿ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕು ಬರುತ್ತದೆ. ಐದುನೂರು ಇಸಿದುಕೊಂಡವನಿಗೆ ಆ ಹಕ್ಕು ಹೋಗುತ್ತದೆ.

ನಮ್ಮ ಕಾದಂಬರಿಗಳು ಕಂಡ ಚುನಾವಣೆ

ಕರಪತ್ರದ ದೋಷವನ್ನು ಉಮೇದುವಾರನ ತಲೆಗೇ ಕಟ್ಟಿ ನಾವು ಸಾಹಿತಿಗಳು ಪಾರಾಗುವಂತಿಲ್ಲ. ನಮ್ಮ ಸಾಹಿತ್ಯ ಅವನಿಗೆ ಯಾವ ಭಾಷೆಯನ್ನು ಕೊಟ್ಟಿದೆ?

ಎಸ್.ಎಲ್. ಭೈರಪ್ಪನವರ 'ಮತದಾನ' 1965ರದು. ಹಳ್ಳಿಯ ಜನ ಮೆಚ್ಚಿದ ವೈದ್ಯನೊಬ್ಬ ಚುನಾವಣೆಯ ಸುಳಿಗೆ ಸಿಕ್ಕುವ ಕಥೆ. 2001ರಲ್ಲಿ ಟಿ.ಎನ್. ಸೀತಾರಾಂ ಅದನ್ನು ಚಲನಚಿತ್ರ ಮಾಡಿದರು. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' 1978ರದು. ಅದರ ಕೃಷ್ಣಪ್ಪಗೌಡನ ಹಿಂದೆ ಗೋಪಾಲಗೌಡರ ನೆರಳಿದೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ನಾಯಕ ತನ್ನ ಬದುಕನ್ನು ಹಿಂತಿರುಗಿ ನೋಡುತ್ತಾನೆ. ಎರಡೂ ಗಂಭೀರ ಕೃತಿಗಳು. ಎರಡರ ಕಾಳಜಿಯೂ ಒಂದೇ: ಒಳ್ಳೆಯ ಮನುಷ್ಯ ರಾಜಕೀಯಕ್ಕೆ ಹೋದರೆ ಅವನ ಒಳ್ಳೆಯತನ ಏನಾಗುತ್ತದೆ? ಚುನಾವಣೆ ಇಲ್ಲಿ ಕೆಸರು, ನಾಯಕ ಬಿಳಿ ಬಟ್ಟೆಯವನು. ಕಲೆ ಎಲ್ಲಿ ಹತ್ತಿತು ಎಂದು ಹುಡುಕುವುದು ಕಾದಂಬರಿಯ ಕೆಲಸ.

ಈ ಚೌಕಟ್ಟಿನಲ್ಲಿ ಬಡ ಉಮೇದುವಾರನಿಗೆ ಜಾಗವಿಲ್ಲ. ಎತ್ತರದಲ್ಲಿದ್ದವನು ಬಿದ್ದರೆ ದುರಂತ. ನೆಲದ ಮೇಲೆಯೇ ಇದ್ದವನು ಎಲ್ಲಿಂದ ಬೀಳಬೇಕು? ಆದ್ದರಿಂದ ಅವನು ಪತ್ರಿಕೆಯಲ್ಲಿ, ಚಲನಚಿತ್ರದಲ್ಲಿ, ನಾಟಕದಲ್ಲಿ ಹಾಸ್ಯಪಾತ್ರವಾಗುತ್ತಾನೆ. ಅವನ ಆಟೊದ ಮೈಕು ಕೆಡುವುದು ಹಾಸ್ಯ, ಅವನ ಸಭೆಗೆ ಏಳು ಜನ ಬರುವುದು ಹಾಸ್ಯ. ಆ ಏಳು ಜನ ಏನು ಹೇಳಿದರೆಂದು ಯಾವ ಕಥೆಯೂ ನಿಂತು ಕೇಳಿಸಿಕೊಂಡಂತಿಲ್ಲ.

ಸಾಹಿತಿಗಳೇ ಪಕ್ಷೇತರರಾಗಿ ನಿಂತದ್ದೂ ಉಂಟು. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ನಿಂತರು. ಆಗ ಅವರಿಗೆ 87 ವರ್ಷ. ಕೈಗಾ ಅಣುಸ್ಥಾವರವನ್ನೂ ಪರಿಸರ ನಾಶವನ್ನೂ ವಿರೋಧಿಸುವುದೇ ಆ ಸ್ಪರ್ಧೆಯ ಉದ್ದೇಶ. ಸೋತರು. ಆದರೆ ಬೇರೆಯವರು ಹೇಳದ ಮಾತನ್ನು ಮತದಾರನ ಮುಂದಿಟ್ಟು ಸೋತರು. ಅವರಿಗೆ ಜ್ಞಾನಪೀಠದ ಹೆಸರಿತ್ತು, ತಿಕೋಟಾದ ದರ್ಜಿಗೆ ಆ ಹೆಸರಿಲ್ಲ ಎನ್ನಬಹುದು. ಹೆಸರಿನ ಮಾತು ನಿಜ. ಆದರೆ ಒಂದೇ ಒಂದು ಮಾತನ್ನು ಹಿಡಿದು ನಿಲ್ಲುವುದಕ್ಕೆ ಪ್ರಶಸ್ತಿ ಬೇಕಿಲ್ಲ.

ಮತ ಒಡೆಯುವವನೆಂಬ ಮಾತು

ಉಮೇದುವಾರ ಮುಸಲ್ಮಾನನಾಗಿದ್ದರೆ ಬಿಸಿಲಿನ ಜೊತೆ ಇನ್ನೊಂದು ಕಾವನ್ನೂ ತಡೆಯಬೇಕು. ನಾಮಪತ್ರ ಸಲ್ಲಿಸಿದ ಸಂಜೆಯೇ ಮನೆಗೆ ಹಿರಿಯರು ಬರುತ್ತಾರೆ. 'ನೀನು ನಿಂತರೆ ಮತ ಒಡೆಯುತ್ತದೆ, ಅವರು ಗೆಲ್ಲುತ್ತಾರೆ, ಹಿಂದೆ ತೆಗೆ' ಎನ್ನುತ್ತಾರೆ. ಮಸೀದಿಯ ಮುಂದೆ, ಚಹಾದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಅದೇ ಮಾತು. ಒಂದೇ ದಿನದಲ್ಲಿ ಅವನು ಬಿರಾದರಿಯ ದ್ರೋಹಿಯಾಗಿಬಿಡುತ್ತಾನೆ.

ಈ ಭಯ ಸುಳ್ಳಲ್ಲ. ವಿಜಯಪುರ ನಗರ ಕ್ಷೇತ್ರದಲ್ಲಿ 2013ರಲ್ಲಿ ಕಾಂಗ್ರೆಸ್ಸಿನ ಮಕ್ಬೂಲ್ ಬಾಗವಾನ್ ಗೆದ್ದರು. 2018ರಲ್ಲಿ, 2023ರಲ್ಲಿ ಬಿಜೆಪಿಯಿಂದ ಬಸನಗೌಡ ಪಾಟೀಲ ಯತ್ನಾಳ ಗೆದ್ದರು, ಎರಡೂ ಸಲ ಅಂತರ ಹತ್ತು ಸಾವಿರದೊಳಗೆ. ಇಂಥ ಕಡೆ ನೂರು ನೂರು ಮತಗಳಿಗೂ ತೂಕವಿದೆ. ಎದುರು ಪಾಳಯದವರೇ ಹಣ ಕೊಟ್ಟು ಮುಸ್ಲಿಂ ಹೆಸರುಗಳನ್ನು ನಿಲ್ಲಿಸುವ ತಂತ್ರ ದೇಶಾದ್ಯಂತ ಕೇಳಿಬರುವ ದೂರು. ಹಿರಿಯರ ಆತಂಕವನ್ನು ಲೇವಡಿ ಮಾಡುವವರು ಆ ಗಲ್ಲಿಗಳಲ್ಲಿ ಬದುಕಿದವರಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಮುಸ್ಲಿಮರು ಶೇಕಡಾ 12.9. 2023ರಲ್ಲಿ 224 ಸ್ಥಾನಗಳ ಸಭೆಗೆ ಗೆದ್ದ ಮುಸ್ಲಿಂ ಶಾಸಕರು 9. 'ಈ ಸಲ ಬೇಡ, ಮುಂದಿನ ಸಲ ನೋಡೋಣ' ಎಂಬ ಮಾತನ್ನು ಒಂದು ಸಮುದಾಯ ಎಷ್ಟು ಚುನಾವಣೆಗಳವರೆಗೆ ಕೇಳಬೇಕು? ಹಿಂದೆ ಸರಿಯೆಂದು ಬರುವ ಹಿರಿಯರು, ನೀನು ಎತ್ತಬೇಕೆಂದಿದ್ದ ಪ್ರಶ್ನೆಯನ್ನು ನಮ್ಮ ಅಭ್ಯರ್ಥಿಯಿಂದ ಎತ್ತಿಸುತ್ತೇವೆ ಎಂದು ಹೇಳಿದ್ದನ್ನು ನಾವು ಕೇಳಿಲ್ಲ. ಅವರು ಮತವನ್ನು ಎಣಿಸುತ್ತಾರೆ. ಮಾತನ್ನು ಎಣಿಸುವುದಿಲ್ಲ.

ಹಾಗಾದರೆ ನಿಜವಾದ ಉಮೇದುವಾರನನ್ನೂ ಮತ ಒಡೆಯಲು ಬಂದವನನ್ನೂ ಗುರುತಿಸುವುದು ಹೇಗೆ? ಅವನ ಧರ್ಮ, ಜಾತಿ ನೋಡಿ ಗುರುತಿಸಲಾಗದು. ಎರಡು ಕಾಗದಗಳನ್ನು ನೋಡಬೇಕು. ಒಂದು, ಅವನ ಖರ್ಚಿನ ಲೆಕ್ಕ. ಅದು ಸಾರ್ವಜನಿಕ ದಾಖಲೆ, ಅತ್ಯಲ್ಪ ಶುಲ್ಕ ಕಟ್ಟಿ ಯಾವ ನಾಗರಿಕನೂ ನೋಡಬಹುದು. ಹಣ ಯಾರದೆಂದು ಅದು ಎಲ್ಲವನ್ನೂ ಹೇಳದಿರಬಹುದು, ಆದರೆ ಆಟೊದಲ್ಲಿ ಸುತ್ತಿದವನ ವಹಿಗೂ ಹತ್ತು ಕಾರಿನಲ್ಲಿ ಸುತ್ತಿದ ಬಡವನ ವಹಿಗೂ ಇರುವ ಅಂತರ ಮುಚ್ಚಿಡಲಾಗದು. ಎರಡನೆಯದು ಅವನ ಕರಪತ್ರ. ದೊಡ್ಡವರು ಹೇಳದ ಯಾವ ಒಂದು ಮಾತನ್ನು ಅದು ಹೇಳಿದೆ? ಒಂದೂ ಇಲ್ಲವಾದರೆ, ನೀನು ಏಕೆ ನಿಂತೆ ಎಂದು ಕೇಳುವ ಹಕ್ಕು ಹಿರಿಯರಿಗೆ ಇದೆ. ಇದ್ದರೆ, ಅವನನ್ನು ದ್ರೋಹಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಆಗಬೇಕಾದದ್ದು

ಬಡ ಉಮೇದುವಾರನಿಗೆ ನಾವು ಹೇಳುವುದು ಇಷ್ಟು. ಮೊದಲ ಕರಪತ್ರದಲ್ಲಿ ಹೆಸರು, ಚಿಹ್ನೆ ಇದ್ದರೆ ಸಾಕು, ಸಣ್ಣ ಕಾಗದವಾದರೂ ನಡೆದೀತು. ಉಳಿದ ದುಡ್ಡನ್ನು ಎರಡನೆಯ ವಾರಕ್ಕೆ ಇಟ್ಟುಕೊಳ್ಳಲಿ. ಮಧ್ಯಾಹ್ನಗಳಲ್ಲಿ ಕೇಳಿದ್ದನ್ನು, ಹೇಳಿದವರ ಮಾತಿನಲ್ಲೇ, ನಾಲ್ಕೈದು ಪ್ರಶ್ನೆಗಳಾಗಿ ಅಚ್ಚು ಹಾಕಿಸಲಿ. ತೋಟದಿಂದ ಹೆಣ್ಣುಮಕ್ಕಳು ಮರಳುವ ಹೊತ್ತಿಗೆ ಅವರ ಓಣಿಗೆ ಹೆಣ್ಣುಮಕ್ಕಳನ್ನೇ ಕಳಿಸಿ ಅವರ ಮಾತನ್ನೂ ಸೇರಿಸಲಿ. ಆ ಪ್ರಶ್ನೆಗಳನ್ನು ಗೆಲ್ಲಲಿರುವವರ ಮುಂದೆ ಇಡಲಿ. ಸೋತ ಮೇಲೆ, ಮಳೆಗಾಲದಲ್ಲಿ, ಅದೇ ಹಳ್ಳಿಗಳಿಗೆ ಹೋಗಿ ಉತ್ತರ ಬಂತೇ ಎಂದು ವಿಚಾರಿಸಲಿ. ಮತ ಕೇಳದೆ ಹೋದಾಗ ಜನ ಅವನನ್ನು ಬೇರೆ ರೀತಿಯಲ್ಲಿ ನೋಡುತ್ತಾರೆ.

ನಮ್ಮ ಪತ್ರಿಕೆಗಳಿಗೂ ಕೆಲಸವಿದೆ. ಠೇವಣಿ ಕಳೆದುಕೊಂಡವರ ಸಾಲನ್ನು ಅಚ್ಚು ಹಾಕುವಾಗ ಅವರು ಏನು ಹೇಳಿ ಕಳೆದುಕೊಂಡರೆಂಬುದನ್ನೂ ಒಂದು ಸಾಲು ಬರೆಯಲಿ. ಜಿಲ್ಲೆಯ ಗ್ರಂಥಾಲಯಗಳು ಚುನಾವಣೆಯ ಕರಪತ್ರಗಳನ್ನು ಕೂಡಿಸಿ ಇಡಲಿ. ಐವತ್ತು ವರ್ಷಗಳ ನಂತರ ಈ ಸೀಮೆಯ ಜನ ಏನನ್ನು ಬಯಸಿದ್ದರೆಂದು ತಿಳಿಯಲು ವಿಧಾನಸಭೆಯ ನಡಾವಳಿಯಷ್ಟೇ ಇವೂ ಬೇಕಾಗುತ್ತವೆ.

ಇನ್ನು ಕಥೆ ಬರೆಯುವ ನಾವು, ಉಮೇದುವಾರ ಗೆಲ್ಲುತ್ತಾನೋ ಕೆಡುತ್ತಾನೋ ಎಂಬುದನ್ನು ಬಿಟ್ಟು, ಮಟಮಟ ಮಧ್ಯಾಹ್ನ ಅವನ ಎದುರಿಗೆ ಕುಳಿತ ಏಳು ಜನರ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಅವರಲ್ಲಿ ಇಬ್ಬರಾದರೂ ಅವನಿಗೆ ಮತ ಹಾಕಲಿಲ್ಲವೆಂಬುದು ನಮಗೆ ಗೊತ್ತು. ಮತ ಹಾಕದಿದ್ದರೂ ಅವನಿಗೇ ಏಕೆ ನಿಜ ಹೇಳಿದರೆಂಬುದನ್ನು ಬರೆಯುವ ಕೆಲಸ ಕನ್ನಡದಲ್ಲಿ ಇನ್ನೂ ಬಾಕಿಯಿದೆ.